ಉಪಗ್ರಹಕ್ಕೆ ಕಾಣದ ಅಡಿಕೆ ಹಾಳೆ

ಜ್ವರ ಬರುವ ಮುಂಚೆಯೇ ಅದರ ಜಾಡು ಹಿಡಿಯುವ ಹಂಬಲ ಉಪಗ್ರಹಗಳಿಗಿಂತ ಹಳೆಯದು. 1920ರ ದಶಕದಲ್ಲಿ ಪಂಜಾಬಿನಲ್ಲಿ ಸಿ. ಎ. ಗಿಲ್ ಎಂಬ ವೈದ್ಯಾಧಿಕಾರಿ ಮಳೆ, ಧಾನ್ಯದ ಬೆಲೆ, ಮಕ್ಕಳ ಗುಲ್ಮದ ಊತ ಮೊದಲಾದವನ್ನು ಕೂಡಿಸಿ ಮಲೇರಿಯಾದ ಮುನ್ಸೂಚನೆ ಕೊಡುತ್ತಿದ್ದರು. ಹಸಿದ ಊರಿಗೆ ಜ್ವರ ಬೇಗ ತಗಲುತ್ತದೆಂದು ಅವರಿಗೆ ಗೊತ್ತಿತ್ತು. ಈಗಿನ ಎಷ್ಟೋ ಮುನ್ಸೂಚನಾ ಮಾದರಿಗಳಲ್ಲಿ ಹಸಿವಿಗೆ ಜಾಗವೇ ಇಲ್ಲ. ಇತ್ತ ಮಲೆನಾಡಿನಲ್ಲಿ ಮಲೇರಿಯಾ ಹರಡುತ್ತಿದ್ದುದು ಹಳ್ಳಗಳಲ್ಲಿ ಹುಟ್ಟುವ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಸೊಳ್ಳೆ. 1945ರ ಸುಮಾರಿಗೆ ಪಕ್ಕದ ಉತ್ತರ ಕನ್ನಡ, ಧಾರವಾಡಗಳಲ್ಲಿ ಡಿಡಿಟಿ ಸಿಂಪಡಣೆ ಶುರುವಾಗಿ ರೋಗ ಇಳಿದಾಗ ಮುನ್ಸೂಚನೆಯ ಗೊಡವೆಯೂ ಇಳಿಯಿತು.

ಆಕಾಶದ ಕಣ್ಣು ತೆರೆದದ್ದು ಆಫ್ರಿಕಾದಲ್ಲಿ. ಕೀನ್ಯಾದ ಹಸಿರಿನ ಏರಿಳಿತವನ್ನು ಉಪಗ್ರಹಚಿತ್ರಗಳಲ್ಲಿ ಅಳೆದ ಕೆನೆತ್ ಲಿಂತಿಕಮ್ ಮತ್ತು ಸಂಗಡಿಗರು 1987ರಲ್ಲಿ ಅದನ್ನು ಸೊಳ್ಳೆಗಳು ಹರಡುವ ರಿಫ್ಟ್ ವ್ಯಾಲಿ ಜ್ವರಕ್ಕೆ ಜೋಡಿಸಿದರು. 1999ರಲ್ಲಿ ಸಮುದ್ರದ ಉಷ್ಣತೆಯೂ ಲೆಕ್ಕಕ್ಕೆ ಬಂತು. 2006ರ ಕೊನೆಯಲ್ಲಿ ಪೂರ್ವ ಆಫ್ರಿಕಾದಲ್ಲಿ ರೋಗ ಎದ್ದಾಗ ಎಚ್ಚರಿಕೆ ಮೊದಲೇ ಹೊರಟಾಗಿತ್ತು. ಆದರೆ ಅದು ಬಯಲು, ಹುಲ್ಲುಗಾವಲು. ಮಳೆ ಬಿದ್ದರೆ ಹಸಿರು ಏರುತ್ತದೆ, ಮೇಲಿನಿಂದ ಕಾಣುತ್ತದೆ.

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆಯ ಸುತ್ತ ಆ ಸೂತ್ರ ನಡೆಯದು. ಇಲ್ಲಿ ಹಸಿರು ವರ್ಷವಿಡೀ ಹಸಿರೇ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ ಮೂಡಣಕ್ಕೆ ಸರಿದಂತೆ ಥಟ್ಟನೆ ಕುಸಿಯುತ್ತದೆ. ಜಿಲ್ಲಾ ಸರಾಸರಿಗೆ ಅರ್ಥವೇ ಇಲ್ಲ. ಜೂನ್‌ನಿಂದ ಮೋಡ ಮುಚ್ಚಿದರೆ ಸಾಮಾನ್ಯ ಉಪಗ್ರಹ ಕುರುಡು. 2012ರ ರಿಸ್ಯಾಟ್-1, 2014ರ ಸೆಂಟಿನೆಲ್-1ರಂಥ ರೇಡಾರ್‌ಗಳು ಮೋಡವನ್ನೇನೋ ದಾಟುತ್ತವೆ, ಆದರೆ ತೋಟದಲ್ಲಿ ಉದುರಿದ ಅಡಿಕೆ ಹಾಳೆಯಲ್ಲಿ ನಿಂತ ಬೊಗಸೆ ನೀರನ್ನು ಯಾವುದೂ ಕಾಣದು. ಡೆಂಗಿ ಹರಡಬಲ್ಲ ಈಡಿಸ್ ಆಲ್ಬೊಪಿಕ್ಟಸ್ ಸೊಳ್ಳೆಗೆ ಅಷ್ಟು ನೀರು ಧಾರಾಳ. ಅತಿಮಳೆ ಮರಿಹುಳುಗಳನ್ನು ಕೊಚ್ಚಿಕೊಂಡೂ ಹೋಗುತ್ತದೆ. ಹಾಗಾಗಿ ಮಳೆ ಹೆಚ್ಚಿದಷ್ಟೂ ಸೊಳ್ಳೆ ಹೆಚ್ಚು ಎಂಬ ನೇರ ಗೆರೆಯನ್ನೂ ಎಳೆಯಲಾಗದು.

ಈ ಸೀಮೆಯಲ್ಲಿ ನಕಾಶೆ ಚೆನ್ನಾಗಿ ಕೆಲಸ ಮಾಡಿದ್ದು ಸೊಳ್ಳೆಗಲ್ಲ, ಉಣುಗಿಗೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣುಗು ಹರಡುವ ಮಂಗನ ಕಾಯಿಲೆಗೂ ಕಾಡು ಕಡಿದು ದನ ಮೇಯಿಸಿದ ಅಂಚುಗಳಿಗೂ ಇರುವ ನಂಟನ್ನು ಹೋರ್ಹೆ ಬೋಶೆಲ್ 1969ರಲ್ಲೇ ಬರೆದಿದ್ದರು. 2018ರ ಕೊನೆಯಲ್ಲಿ ಸಾಗರದ ಅರಳಗೋಡಿನಲ್ಲಿ ಅದು ಸಾವು ತಂದ ಮೇಲೆ, 2020ರಲ್ಲಿ ಬೆಥನ್ ಪರ್ಸ್ ನೇತೃತ್ವದ ಬ್ರಿಟಿಷ್–ಭಾರತೀಯ ತಂಡ ಭೂಬಳಕೆಯ ನಕಾಶೆಗಳಿಂದ ಅಪಾಯದ ತಾಣಗಳನ್ನು ಗುರುತಿಸಿತು: ನಿತ್ಯಹಸಿರು ಕಾಡು, ತೋಟ ಬೆರೆತು, ನಾಟಿದನ ಹೆಚ್ಚಿದ್ದ ಕಡೆ. ಕಾಡಿನಂಚು ಮೇಲಿನಿಂದ ಕಾಣುತ್ತದೆ, ಹಾಳೆಯ ನೀರು ಕಾಣುವುದಿಲ್ಲ, ವ್ಯತ್ಯಾಸ ಅಷ್ಟೇ.

ಡೆಂಗಿಗೆ ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಆರ್ಟ್‌ಪಾರ್ಕ್ ಕೇಂದ್ರ ರಾಜ್ಯದ ಆರೋಗ್ಯ ಇಲಾಖೆಯ ಜೊತೆ ಸೇರಿ ಮುನ್ಸೂಚನೆ ಕಟ್ಟುತ್ತಿದೆ. ಹವಾಮಾನದ ಜೊತೆ ಪ್ರಕರಣಗಳ ವರದಿಯೂ ಅದಕ್ಕೆ ಬೇಕು. ನಗರದ ವಾರ್ಡಿಗೆ ಇದು ಒಗ್ಗುತ್ತದೆ. ಮನೆಗೊಂದು ತೋಟ, ತೋಟಕ್ಕೊಂದು ಗುಡ್ಡ ಇರುವ ಹೊಸನಗರದಲ್ಲಿ ಜ್ವರದ ರೋಗಿ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗಿ ರಕ್ತ ಕೊಟ್ಟರೆ, ಆ ಪ್ರಕರಣ ಅವನ ತೋಟದ ವಿಳಾಸಕ್ಕೆ ಮರಳಿ ದಾಖಲಾಗಬೇಕು. ಇಲ್ಲದಿದ್ದರೆ ಮಾದರಿ ಕಲಿಯುವುದು ಆಸ್ಪತ್ರೆಯಿರುವ ಊರಿನ ಜ್ವರವನ್ನು.