ಅಸಿಟೈಲ್‌ಸಿಸ್ಟೀನ್
ಪ್ಯಾರಾಸಿಟಮಾಲ್ ಮಾತ್ರೆಯ ಅತಿಸೇವನೆಗೆ ಕೊಡುವ ಪ್ರತಿವಿಷ. ಮಿತಿಯಲ್ಲಿ ಸೇವಿಸಿದಾಗ ಈ ನೋವುನಿವಾರಕದ ಸ್ವಲ್ಪ ಭಾಗವಷ್ಟೇ ಯಕೃತ್ತಿನಲ್ಲಿ ವಿಷವಸ್ತುವಾಗುತ್ತದೆ. ಅಲ್ಲಿನ ಗ್ಲುಟಥಯಾನ್ ಎಂಬ ವಸ್ತು ಅದನ್ನು ನಿರ್ವಿಷಗೊಳಿಸುತ್ತದೆ. ಮಿತಿಮೀರಿದರೆ ಗ್ಲುಟಥಯಾನ್ ಬರಿದಾಗಿ ಯಕೃತ್ತಿನ ಜೀವಕೋಶಗಳು ಸಾಯತೊಡಗುತ್ತವೆ. ಅಸಿಟೈಲ್‌ಸಿಸ್ಟೀನ್ ಆ ದಾಸ್ತಾನನ್ನು ಮತ್ತೆ ತುಂಬುತ್ತದೆ. 1970ರ ದಶಕದಲ್ಲಿ ಎಡಿನ್‌ಬರೋದ ಲಾರಿ ಪ್ರೆಸ್ಕಾಟ್ ಮತ್ತು ಸಂಗಡಿಗರು ಇದನ್ನು ರಕ್ತನಾಳದ ಮೂಲಕ ಕೊಟ್ಟು ಫಲ ಕಂಡರು. ಮಾತ್ರೆ ಸೇವಿಸಿದ 8 ಗಂಟೆಯೊಳಗೆ ಆರಂಭಿಸಿದರೆ ಯಕೃತ್ತಿಗೆ ಗಂಭೀರ ಹಾನಿಯಾಗುವುದು ಅಪರೂಪ. ತಡವಾದರೂ ಕೊಡುವುದು ವ್ಯರ್ಥವಲ್ಲ. ಅತಿಸೇವನೆಯ ನಂತರ ಮೊದಲ ದಿನ ವಾಕರಿಕೆಯ ಹೊರತು ಏನೂ ಕಾಣದಿರಬಹುದು. ಈ ವಿಷದ ಅತ್ಯಂತ ಅಪಾಯಕಾರಿ ಗುಣವೇ ಅದು; ಹುಷಾರಾಗಿದ್ದೇವೆಂದು ನಂಬಿ ಅಮೂಲ್ಯ ಗಂಟೆಗಳನ್ನು ಕಳೆದುಕೊಳ್ಳುವವರಿದ್ದಾರೆ. ಲಕ್ಷಣಕ್ಕೆ ಕಾಯದೆ ಕೂಡಲೇ ಆಸ್ಪತ್ರೆ ಸೇರಬೇಕು. ಒಮ್ಮೆಗೇ ಸೇವಿಸಿದ್ದರೆ, 4 ಗಂಟೆ ಕಳೆದ ಮೇಲೆ ತೆಗೆದ ರಕ್ತದಲ್ಲಿನ ಔಷಧದ ಮಟ್ಟವನ್ನು 1975ರ ರುಮ್ಯಾಕ್–ಮ್ಯಾಥ್ಯೂ ನಕ್ಷೆಯೊಂದಿಗೆ ಹೋಲಿಸಿ ವೈದ್ಯರು ಚಿಕಿತ್ಸೆ ನಿರ್ಧರಿಸುತ್ತಾರೆ.