ಕೇಳದೆ ಕಡಿಯಬಾರದು

ಮರ ಕಡಿಯುವುದು ಪಾಪವೆಂದು ಮೂವತ್ತಕ್ಕೂ ಹೆಚ್ಚು ವರ್ಷ ಶಾಲೆಯಲ್ಲಿ ಪಾಠ ಹೇಳಿದವನು ನಾನು. ವನಮಹೋತ್ಸವದ ದಿನ ಮಳೆಯಲ್ಲಿ ತೊಯ್ಯುತ್ತಾ ಗುಂಡಿ ತೋಡಿದ ಶಿಷ್ಯರಲ್ಲಿ ಹಲವರು ಇದನ್ನು ಓದುತ್ತಿರಬಹುದು. ಅವರಲ್ಲೊಬ್ಬರು ಈಚೆಗೆ ದೂರವಾಣಿಯಲ್ಲಿ, "ಮಾಸ್ತರ್ರೇ, ನೀವೇ ಎದುರು ನಿಂತು ದೊಡ್ಡ ಮರ ಕಡಿಸಿದಿರಂತೆ, ಹೌದೇ?" ಎಂದು ಕೇಳಿದರು. ಹೌದು. ಮರ ನನ್ನದಲ್ಲ, ಶಿರಸಿ ಸೀಮೆಯ ನನ್ನ ಹಳೆಯ ಗೆಳೆಯರದು. ಅದನ್ನು ಏಕೆ, ಹೇಗೆ ಕಡಿಸಿದೆವೆಂದು ಹೇಳುವ ಮೊದಲು ಮರ ಕಡಿಯಲು ನಮ್ಮ ಜನ ಯಾರನ್ನು ಕೇಳುತ್ತಿದ್ದರು ಎಂಬ ಹಳೆಯ ಸಂಗತಿಯನ್ನು ಹೇಳಬೇಕು. ಕೇಳುವ ಪದ್ಧತಿಯ ಇತಿಹಾಸ ತಿಳಿದರೆ ಕಡಿಯುವ ಕಾರಣವೂ ತಿಳಿಯುತ್ತದೆ.

ಮೊದಲು ಕೇಳಬೇಕಾದದ್ದು ಮರವನ್ನೇ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ, ದೇವರ ವಿಗ್ರಹಕ್ಕಾಗಿ ಮರ ತರಲು ಕಾಡನ್ನು ಹೊಕ್ಕವನು ಏನು ಮಾಡಬೇಕೆಂಬುದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಕಡಿಯುವ ಮುನ್ನ ಮರಕ್ಕೆ ಪೂಜೆ ಸಲ್ಲಿಸಬೇಕು. ಅದರಲ್ಲಿ ವಾಸವಾಗಿರುವ ಜೀವಗಳು ಬಲಿಯನ್ನು ಸ್ವೀಕರಿಸಿ ಬೇರೆಡೆಗೆ ಹೋಗಲೆಂದು ಬೇಡಿಕೊಳ್ಳಬೇಕು. ಕೊಡಲಿ ಬೀಳುವುದು ಮರುದಿನ. ನಮ್ಮ ಮಲೆನಾಡಿನಲ್ಲಿಯೂ ದೊಡ್ಡ ಮರದ ಬುಡಕ್ಕೆ ಕಾಯಿ ಒಡೆದು, ಕುಂಕುಮವಿಟ್ಟು, ಕೈಮುಗಿದ ಮೇಲೆಯೇ ಕೊಡಲಿ ಎತ್ತುವವರನ್ನು ನಾನು ಬಾಲ್ಯದಿಂದ ನೋಡಿದ್ದೇನೆ.

ಎರಡನೆಯದಾಗಿ ಕೇಳಬೇಕಾದದ್ದು ಊರನ್ನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು 1800 ಮತ್ತು 1801ರಲ್ಲಿ ಮೈಸೂರು, ಕನ್ನಡ ಜಿಲ್ಲೆ ಹಾಗೂ ಮಲಬಾರುಗಳಲ್ಲಿ ಸಂಚರಿಸಿದನು. ಅವನ ಪ್ರವಾಸ ಕಥನ 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ನಮ್ಮ ಜಿಲ್ಲೆಯ ಕಾಡುಗಳನ್ನು ಕುರಿತು ಅವನು ಬರೆದದ್ದರ ಸಾರಾಂಶ ಇಷ್ಟು: ಇಲ್ಲಿನ ಕಾಡು ಆಯಾ ಊರಿನ ದೇವರ ಸ್ವತ್ತು, ಮರ ಕಡಿಯಬೇಕಾದರೆ ಊರದೇವರ ಪೂಜಾರಿಯೂ ಆದ ಗೌಡನ ಅಪ್ಪಣೆ ಪಡೆಯಬೇಕು, ದೇವರಿಗೆ ಹಣವೇನೂ ಸಲ್ಲುವುದಿಲ್ಲ, ಆದರೆ ಕೇಳದೆ ಕಡಿದವನಿಗೆ ಕೇಡು ತಪ್ಪದು. ಸರ್ಕಾರವು ಕಾಡಿನ ಮೇಲೆ ಹಕ್ಕು ಸಾಧಿಸದಂತೆ ಜನ ಹೂಡಿದ ಉಪಾಯವಿದು ಎಂದು ಬುಕಾನನ್ ಸಂಶಯಪಟ್ಟನು. ಕಂಪನಿಯ ನೌಕರನ ಕಣ್ಣಿಗೆ ಹಾಗೆ ಕಂಡದ್ದು ಸಹಜ. ಒಂದು ಕಾಸೂ ಬೇಡದ ಆ ಅಪ್ಪಣೆಯು ಕಡಿಯುವವನನ್ನು ಊರಿನ ಎದುರು ನಿಲ್ಲಿಸಿ, ಕಾರಣ ಹೇಳಿಸುತ್ತಿತ್ತು ಎಂಬುದು ಅವನಿಗೆ ಮುಖ್ಯವಾಗಿ ತೋರಲಿಲ್ಲ.

ಮೂರನೆಯದು ಸರ್ಕಾರ. 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1864ರಲ್ಲಿ ಜರ್ಮನಿಯ ಡೀಟ್ರಿಶ್ ಬ್ರಾಂಡಿಸ್ ಭಾರತದ ಅರಣ್ಯಗಳ ಮೊದಲ ಇನ್‌ಸ್ಪೆಕ್ಟರ್ ಜನರಲ್ ಆದನು. 1865ರಲ್ಲಿ ಮೊದಲನೆಯ ಅರಣ್ಯ ಕಾಯಿದೆ ಬಂದಿತು. 1878ರ ಕಾಯಿದೆ ಅದನ್ನು ಬಿಗಿಗೊಳಿಸಿತು. ದೇವರ ಕಾಡು ಸರ್ಕಾರದ ಕಾಡಾಯಿತು. ಅಡಿಕೆ ತೋಟಿಗರಿಗೆ ಮಾತ್ರ ಒಂದು ಸವಲತ್ತು ಉಳಿಯಿತು. ಅದೇ 'ಸೊಪ್ಪಿನ ಬೆಟ್ಟ'. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ. ತೋಟದ ಗೊಬ್ಬರಕ್ಕೆ ಅಲ್ಲಿನ ಸೊಪ್ಪು ಮತ್ತು ತರಗೆಲೆ ರೈತನಿಗೆ. ಮರ ಮಾತ್ರ ಸರ್ಕಾರಕ್ಕೆ.

ಈ ಏರ್ಪಾಡಿಗೂ ಇಂದಿನ ಅಪಾಯದ ಮರಗಳಿಗೂ ಸಂಬಂಧವಿದೆ. ತಲೆಮಾರುಗಳ ಕಾಲ ಒಂದೇ ಮರದ ಟೊಂಗೆಗಳನ್ನು ಮತ್ತೆ ಮತ್ತೆ ಸವರಿದರೆ ಪ್ರತಿ ಕಡಿತವೂ ಒಂದು ಗಾಯ. ಎಚ್ಚರದ ರೈತ ತುದಿಯನ್ನು ಉಳಿಸಿ, ಮರಕ್ಕೆ ವಿಶ್ರಾಂತಿ ಕೊಟ್ಟು ಸೊಪ್ಪು ತೆಗೆಯುತ್ತಾನೆ. ಅವಸರದವನು ಬೋಳಿಸುತ್ತಾನೆ. ದೊಡ್ಡ ಗಾಯ ಮುಚ್ಚುವ ಮೊದಲೇ ಅದರ ಮೂಲಕ ನೀರೂ ಶಿಲೀಂಧ್ರವೂ ಒಳಹೊಕ್ಕು ತಿರುಳು ಕೊಳೆಯುತ್ತದೆ. ಹೊರಗೆ ಹಸಿರೆಲೆ ತುಂಬಿರುತ್ತದೆ, ಒಳಗೆ ಮರ ಟೊಳ್ಳಾಗಿರುತ್ತದೆ. ಎಲೆಗೆ ನೀರು ಒಯ್ಯುವ ಭಾಗವು ತೊಗಟೆಯ ಸಮೀಪದಲ್ಲಿರುವುದರಿಂದ, ತಿರುಳಿಲ್ಲದ ಮರವೂ ಬಹುಕಾಲ ಚಿಗುರುತ್ತಲೇ ಇರಬಲ್ಲದು.

ಗೆಳೆಯರ ಮನೆಯ ಬಳಿ ಅಂತಹ ಮೂರು ಹಿರಿಯ ಮರಗಳಿದ್ದವು: ಎರಡು ಮತ್ತಿ, ಒಂದು ಮಾವು. ಒಂದು ಮತ್ತಿ ಕೊಟ್ಟಿಗೆಯ ಹಿಂದೆ, ಅವರ ಮಾಲ್ಕಿ ಜಾಗದಲ್ಲಿ. ಇನ್ನೊಂದು ಅದರ ಮೇಲ್ಗಡೆ, ಬೆಟ್ಟದ ಅಂಚಿನಲ್ಲಿ. ಮಾವು ಅಂಗಳದಲ್ಲಿ. ಕೆಲವು ವರ್ಷಗಳ ಹಿಂದೆ ದಾರಿ ಅಗಲ ಮಾಡಿಸಿದಾಗ ಜೆಸಿಬಿಯು ಕೊಟ್ಟಿಗೆಯ ಹಿಂದಿನ ಮತ್ತಿಯ ಒಂದು ಬದಿಯ ಬೇರುಗಳನ್ನು ಕತ್ತರಿಸಿತ್ತು. ಆಮೇಲೆ ಮಳೆಗಾಲದಲ್ಲಿ ಬುಡದ ಸುತ್ತ ಅಣಬೆಗಳು ಎದ್ದವು. ಕಾಂಡ ಕೊಟ್ಟಿಗೆಯ ಕಡೆಗೆ ವಾಲತೊಡಗಿತು. ಅದರ ಕೆಳಗೇ ಕೆಲಸದವರ ಎರಡು ಕುಟುಂಬಗಳ ಮನೆಯಿದೆ; ಮಕ್ಕಳು ಶಾಲೆಗೆ ಹೋಗುವ ಕಾಲುದಾರಿಯೂ ಅದೇ.

ಗೆಳೆಯರಿಗೆ ಭಯವೂ ಇತ್ತು, ಸಂಕೋಚವೂ ಇತ್ತು. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಕಳಾಸೆ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದರು. ಪಾಂಡುರಂಗ ಹೆಗಡೆಯವರ ನೇತೃತ್ವದ ಆ ಅಪ್ಪಿಕೋ ಚಳವಳಿ ಹುಟ್ಟಿದ ತಾಲ್ಲೂಕಿನಲ್ಲಿ ಮರ ಕಡಿಸುವ ಮಾತೆತ್ತಲು ನಾಲಗೆ ಹೊರಳದು. "ನಾಟಾ ಮಾರುವ ಆಸೆಗೆ ಕಡಿಸಿದ ಎಂದಾರು" ಎಂಬ ಅಳುಕು ಒಂದು ಕಡೆ. "ಅಜ್ಜ ಉಳಿಸಿಕೊಂಡ ಮರ, ಅದರಷ್ಟಕ್ಕೆ ಅದು ಬೀಳಲಿ" ಎಂದು ಪಟ್ಟಣದಲ್ಲಿರುವ ಅಣ್ಣನ ಹಟ ಇನ್ನೊಂದು ಕಡೆ. ನಾನು ಆ ಅಣ್ಣನಿಗೆ ಹೇಳಿದ್ದು ಒಂದೇ ಮಾತು: "ಅದರಷ್ಟಕ್ಕೆ ಅದು ಬೀಳುವಾಗ ಕೆಳಗೆ ಮಲಗಿರುವವರು ನೀವೂ ಅಲ್ಲ, ನಾನೂ ಅಲ್ಲ." ಅವರು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಸರಿಯಾಗಿ ನೋಡಿಸಿ" ಎಂದರು.

ನೋಡಿಸಲು ಕರೆಸಿದ್ದು ಮರ ಕೊಯ್ಯುವುದರಲ್ಲಿಯೇ ತಲೆ ನರೆಸಿದ ಒಬ್ಬ ಹಿರಿಯನನ್ನು. ಆತ ಕೊಡಲಿಯ ಹಿಂಬದಿಯಿಂದ ಮೂರೂ ಮರಗಳ ಬುಡವನ್ನು ಸುತ್ತಲೂ ತಟ್ಟಿ, ಕಿವಿಗೊಟ್ಟು ಕೇಳಿದನು. ಬೆಟ್ಟದ ಅಂಚಿನ ಮತ್ತಿ ಗಟ್ಟಿಯಾಗಿ ದನಿಗೊಟ್ಟಿತು. ಅದನ್ನು ಮುಟ್ಟುವ ಅಗತ್ಯವೇ ಇಲ್ಲವೆಂದನು. ಮಾವಿನ ಒಂದು ಒಣ ಕೊಂಬೆಯನ್ನು ತೆಗೆದು ಭಾರ ಇಳಿಸಿದರೆ ಸಾಕು. ಕೊಟ್ಟಿಗೆಯ ಹಿಂದಿನ ಮತ್ತಿ ಮಾತ್ರ ಡೋಲಿನಂತೆ ಸದ್ದು ಮಾಡಿತು. ಮೂರನ್ನೂ ಕಡಿಸುವ ಯೋಚನೆಯಲ್ಲಿದ್ದ ಗೆಳೆಯರಿಗೆ, ಕೇಳಿ ನೋಡಿದ್ದರಿಂದಲೇ ಎರಡು ಮರ ಉಳಿದವು.

ಇನ್ನು ಕಾನೂನು. ಮಾಲ್ಕಿ ಜಾಗದ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ಗಾಳಿ, ನೀಲಗಿರಿ, ಸಿಲ್ವರ್ ಓಕ್‌ನಂತಹ ಕೆಲವು ಜಾತಿಗಳಿಗಷ್ಟೇ ವಿನಾಯಿತಿ. ಸತ್ತ, ರೋಗ ಹಿಡಿದ, ಗಾಳಿಗೆ ಉರುಳಿದ ಮರಗಳನ್ನೂ, ಪ್ರಾಣಕ್ಕೆ ಅಥವಾ ಆಸ್ತಿಗೆ ಅಪಾಯ ತರುವ ಮರಗಳನ್ನೂ ತೆಗೆಯಲು ಆ ಕಾಯಿದೆಯಲ್ಲಿ ಅವಕಾಶವಿದೆ. ಅನುಮತಿ ಪಡೆದವನು ಬದಲಿಗೆ ಗಿಡ ನೆಡಬೇಕೆಂಬ ಹೊಣೆಯೂ ಅದರಲ್ಲಿಯೇ ಇದೆ. ಗೆಳೆಯರು ಅರ್ಜಿ ಕೊಟ್ಟರು, ಅರಣ್ಯ ಇಲಾಖೆಯವರು ಬಂದು ನೋಡಿದರು, ಅನುಮತಿ ಬಂದಿತು.

ಅಷ್ಟರಲ್ಲಿ ಮತ್ತಿಯ ಮೇಲಿನ ಪೊಟರೆಯೊಂದಕ್ಕೆ ಗಿಳಿಗಳು ಗುಕ್ಕು ಒಯ್ಯುವುದು ಕಾಣಿಸಿತು. ಮಳೆಗಾಲಕ್ಕೆ ಇನ್ನೂ ತಿಂಗಳುಗಳಿದ್ದವು. ಮರಿಗಳು ಹಾರಿಹೋಗುವವರೆಗೆ ಕೆಲಸ ನಿಲ್ಲಿಸಿ, ಕಾಲುದಾರಿಯನ್ನು ತೋಟದ ಬದಿಗೆ ತಿರುಗಿಸಿದೆವು. ಮರದಲ್ಲಿ ವಾಸಿಸುವವರು ಬೇರೆಡೆಗೆ ಹೋಗಲೆಂಬ ವರಾಹಮಿಹಿರನ ಮಾತು ನನಗೆ ಆಗ ನೆನಪಾಯಿತು.

ಕಡಿಯುವ ಕ್ರಮವನ್ನೂ ಹೇಳಬೇಕು, ಏಕೆಂದರೆ ಊರುಗಳಲ್ಲಿ ಅನಾಹುತಗಳು ಆಗುವುದು ಇಲ್ಲಿಯೇ. ಗಟ್ಟಿ ಮರವಾದರೆ ಬೀಳಬೇಕಾದ ಬದಿಯಲ್ಲಿ ಕಚ್ಚು ತೆಗೆದು, ಹಿಂಬದಿಯಿಂದ ಕೊಯ್ದು, ನಡುವೆ ಒಂದು ಪಟ್ಟಿಯಷ್ಟು ಮರವನ್ನು ಉಳಿಸುತ್ತಾರೆ. ಆ ಪಟ್ಟಿ ಬಾಗಿಲಿನ ತಿರುಗಣಿಯಂತೆ ಮರವನ್ನು ಹಿಡಿದು ಬಾಗಿಸುತ್ತದೆ. ಟೊಳ್ಳು ಮರದಲ್ಲಿ ಆ ಹಿಡಿತವೇ ಇರುವುದಿಲ್ಲ. "ಬುಡಕ್ಕೆ ಗರಗಸ ಹಾಕಿದ್ರೆ ಯಾವ ಬದಿಗೆ ಬೀಳ್ತದೆ ಹೇಳಿ ನಂಗೂ ಗೊತ್ತಿಲ್ಲ ಹೆಗಡೇರೆ, ಮರಕ್ಕೂ ಗೊತ್ತಿಲ್ಲ" ಎಂದನು ಆ ಹಿರಿಯ. ಆದ್ದರಿಂದ ಅವನ ಮಗ ಮೇಲಿನ ಗಟ್ಟಿ ಮತ್ತಿಗೆ ಹಗ್ಗ ಬಿಗಿದು, ಅದರ ಆಧಾರದಿಂದ ತನ್ನ ಸೊಂಟಕ್ಕೆ ಕಟ್ಟಿಕೊಂಡು ಏರಿದನು. ಕೊಂಬೆಗಳನ್ನು ಒಂದೊಂದಾಗಿ ಕೊಯ್ದು ಹಗ್ಗದಲ್ಲಿ ಇಳಿಸಿದರು. ಬಳಿಕ ಕಾಂಡವನ್ನು ತುದಿಯಿಂದ ತುಂಡು ತುಂಡಾಗಿ ತೆಗೆದರು. ವಿದ್ಯುತ್ ಕಚೇರಿಗೆ ತಿಳಿಸಿ ತಂತಿಯ ಹರಿವನ್ನು ನಿಲ್ಲಿಸಲಾಗಿತ್ತು. ಕೆಳಗಿನ ಎರಡೂ ಮನೆಯವರು ಆ ಎರಡು ದಿನ ಗೆಳೆಯರ ಮನೆಯಲ್ಲಿಯೇ ಊಟ ಮಾಡಿದರು.

ಬುಡ ಕೊಯ್ದಾಗ ಕಂಡದ್ದು ಇದು: ಸುತ್ತಲೂ ಒಂದು ಗೇಣಿಗಿಂತ ಕಡಿಮೆ ದಪ್ಪದ ಗಟ್ಟಿ ಮರ, ಒಳಗೆಲ್ಲ ಕಂದು ಪುಡಿ ಮತ್ತು ಗೆದ್ದಲು. ನಾಟಾಕ್ಕೆ ಬರುವಂಥದ್ದು ಏನೂ ಇರಲಿಲ್ಲ. ಆಡಿಕೊಳ್ಳಬಹುದೆಂದು ಗೆಳೆಯರು ಅಂಜಿದ್ದ ನೆರೆಯವರೂ ಬಂದು ಆ ಟೊಳ್ಳನ್ನು ಬಗ್ಗಿ ನೋಡಿ ಹೋದರು.

ನನ್ನ ಶಿಷ್ಯರಿಗೂ ಬಂಧುಗಳಿಗೂ ನಾನು ಹೇಳುವುದು ಇಷ್ಟೇ. ಮರದ ಮೇಲಿನ ಪ್ರೀತಿಯ ಹೆಸರಿನಲ್ಲಿ ಕೊಳೆತ ಮರವನ್ನು ಬಡವರ ಮಾಡಿನ ಮೇಲೆ ನಿಲ್ಲಿಸುವುದು ಧರ್ಮವಲ್ಲ. ಅಪಾಯವೆಂಬ ಹೆಸರಿನಲ್ಲಿ ಗಟ್ಟಿ ಮರವನ್ನು ಉರುಳಿಸುವುದೂ ಧರ್ಮವಲ್ಲ. ಇವೆರಡರ ನಡುವೆ ದಾರಿ ತೋರುವುದು ಹಿಂದಿನವರ ಕೇಳುವ ಪದ್ಧತಿಯೇ. ಮರವನ್ನು ತಟ್ಟಿ ಕೇಳಿ, ಕೆಳಗೆ ವಾಸಿಸುವವರನ್ನು ಕೇಳಿ, ಕಾನೂನನ್ನು ಕೇಳಿ. ನಿಮ್ಮ ಮೂಲಮನೆಗಳಲ್ಲಿ ಇಂತಹ ಹಳೆಯ ಮರಗಳಿದ್ದರೆ ಮಳೆಗಾಲಕ್ಕೆ ಕಾಯದೆ ಬೇಸಿಗೆಯಲ್ಲಿಯೇ ಬಲ್ಲವರಿಂದ ನೋಡಿಸಿ. ಗೆಳೆಯರು ಈ ಜೂನಿನಲ್ಲಿ ಕೊಟ್ಟಿಗೆಯಿಂದ ದೂರ, ಬೇಲಿಯ ಬದಿಯಲ್ಲಿ ಮೂರು ಮತ್ತಿ ಸಸಿಗಳನ್ನು ನೆಟ್ಟಿದ್ದಾರೆ. ಅವುಗಳಿಗೆ ದನ ಬಾಯಿ ಹಾಕದಂತೆ ಮುಳ್ಳು ಕಟ್ಟಿದವರು ಆ ಕೆಳಗಿನ ಮನೆಯ ಮಕ್ಕಳು.