ಕ್ವಾಂಟಮ್ ಶಾಸ್ತ್ರದಲ್ಲಿ ಮೂಲರಾಶಿವಿಚಾರ

ಸ್ಥಾನ, ಸಂವೇಗ, ಶಕ್ತಿ, ಕಾಲ ಎಂಬ ರಾಶಿಗಳಲ್ಲಿ ಕ್ವಾಂಟಮ್ ಶಾಸ್ತ್ರಕ್ಕೆ ಮೂಲವಾದುದು ಯಾವುದೆಂಬುದು ವಿಚಾರಾರ್ಹವಾದ ವಿಷಯ. ಇದರ ನಿರ್ಣಯಕ್ಕೆ ಆ ಶಾಸ್ತ್ರದ ಚರಿತ್ರೆಯೇ ಪ್ರಮಾಣವೆಂದು ತೋರುತ್ತದೆ.

1900ರಲ್ಲಿ ಬರ್ಲಿನ್ನಿನ ಮ್ಯಾಕ್ಸ್ ಪ್ಲಾಂಕನು ಕಾದ ವಸ್ತುವಿನ ಪ್ರಭೆಯನ್ನು ವಿವರಿಸಲು ಒಂದು ಸ್ಥಿರಾಂಕವನ್ನು ಅಂಗೀಕರಿಸಬೇಕಾಯಿತು. ಅದು ಶಕ್ತಿಕಾಲಗಳ ಗುಣಲಬ್ಧದ ಜಾತಿಯದು; ಸ್ಥಾನಸಂವೇಗಗಳ ಗುಣಲಬ್ಧವೂ ಅದೇ ಜಾತಿಯದು. ಈ ಜಾತಿಗೆ 'ಕ್ರಿಯೆ' ಎಂದು ಹೆಸರು.

1925ರಲ್ಲಿ ವರ್ನರ್ ಹೈಸೆನ್‌ಬರ್ಗನು ಯಾರಿಗೂ ಗೋಚರಿಸದ ಎಲೆಕ್ಟ್ರಾನಿನ ಕಕ್ಷೆಯನ್ನು ತ್ಯಜಿಸಿ, ವರ್ಣರೇಖೆಗಳಿಂದ ತಿಳಿಯಬರುವ ರಾಶಿಗಳನ್ನೇ ಹಿಡಿದು ಗಣಿತವನ್ನು ಕಟ್ಟಿದನು. ಆ ಗಣಿತದಲ್ಲಿ ಸ್ಥಾನಸಂವೇಗಗಳನ್ನು ಗುಣಿಸುವ ಕ್ರಮವು ವ್ಯತ್ಯಸ್ತವಾದರೆ ಫಲವೂ ಬೇರೆಯಾಗುವುದೆಂದು ಮ್ಯಾಕ್ಸ್ ಬಾರ್ನನು ಕಂಡನು. ವ್ಯಾಕರಣದಲ್ಲಿ ಸೂತ್ರಗಳ ಪೌರ್ವಾಪರ್ಯವು ಬದಲಾದರೆ ರೂಪಸಿದ್ಧಿಯೂ ಬದಲಾಗುವಂತೆಯೇ ಇದು. ಆ ಅಂತರವನ್ನು ನಿಯಮಿಸುವುದು ಪ್ಲಾಂಕನ ಸ್ಥಿರಾಂಕವೇ.

1926ರಲ್ಲಿ ಎರ್ವಿನ್ ಶ್ರೋಡಿಂಗರನು ತನ್ನ ತರಂಗಸಮೀಕರಣವನ್ನು ಸ್ಥಾನದ ಮೂಲಕ ಬರೆದನಲ್ಲವೆ, ಆದಕಾರಣ ಸ್ಥಾನವೇ ಮುಖ್ಯವೆನ್ನಬಾರದೇಕೆ ಎಂದು ಆಕ್ಷೇಪಿಸಬಹುದು. ಅದು ಸಲ್ಲದು. ಪಾಲ್ ಡಿರಾಕನು ತೋರಿಸಿದ ಪರಿವರ್ತನಕ್ರಮದಿಂದ ಅದೇ ಅರ್ಥವನ್ನು ಸಂವೇಗದ ಮೂಲಕವೂ ಬರೆಯಬಹುದು. ಎರಡಕ್ಕೂ ಸಮಾನ ಅಧಿಕಾರವಿರುವುದರಿಂದ, ಅವುಗಳ ಸಂಬಂಧವೇ ಮೂಲವೆಂದು ಸಿದ್ಧವಾಗುತ್ತದೆ.

2019ರ ಮೇ 20ರಿಂದ ಕಿಲೋಗ್ರಾಮಿನ ಲಕ್ಷಣವನ್ನೂ ಈ ಸ್ಥಿರಾಂಕವನ್ನು ಆಧರಿಸಿಯೇ ಹೇಳುತ್ತಾರೆ. ಪ್ಯಾರಿಸಿನ ಬಳಿ ಕಾಪಾಡಿಟ್ಟಿದ್ದ ಲೋಹದ ತೂಕದ ಬಟ್ಟು ಅಂದು ತನ್ನ ಪ್ರಾಮಾಣ್ಯವನ್ನು ಇದಕ್ಕೆ ಬಿಟ್ಟುಕೊಟ್ಟಿತು.